ಮರಳಿ ದನಿ, ಮರಳಿ ತುತ್ತು

ಗಡ್ಡೆ ಹೋಯಿತು, ರೇಡಿಯೇಷನ್ ಮುಗಿಯಿತು, ಇನ್ನು ಆಗಾಗ ಬಂದು ತೋರಿಸಿಕೊಂಡರೆ ಸಾಕು ಎಂದು ವೈದ್ಯರು ಹೇಳುವ ದಿನ ಮನೆಮಂದಿಗೆಲ್ಲ ನಿರಾಳ. ಆದರೆ ಬಾಯಿ ಒಂದು ಬೆರಳಿನಷ್ಟೇ ತೆರೆಯುತ್ತಿದ್ದರೆ, ನೀರು ಕುಡಿದಾಗಲೆಲ್ಲ ಕೆಮ್ಮು ಉಕ್ಕುತ್ತಿದ್ದರೆ, ದನಿಯೇ ಇಲ್ಲವಾಗಿದ್ದರೆ, ಬಟ್ಟೆ ಒಣಹಾಕಲು ತೋಳು ಮೇಲೇಳದಿದ್ದರೆ, ಆ ಮನುಷ್ಯನ ಪಾಲಿಗೆ ಚಿಕಿತ್ಸೆ ಅರ್ಧಕ್ಕೇ ನಿಂತಿದೆ. ಉಳಿದರ್ಧವನ್ನು ಕೈಗೆತ್ತಿಕೊಳ್ಳುವುದೇ ಕ್ಯಾನ್ಸರ್ ಪುನಶ್ಚೇತನ ಆರೈಕೆ. ಸ್ಪೀಚ್ ಥೆರಪಿಸ್ಟ್, ಫಿಸಿಯೊಥೆರಪಿಸ್ಟ್, ದಂತವೈದ್ಯರು, ಆಹಾರತಜ್ಞರು, ಆಪ್ತಸಮಾಲೋಚಕರು ಸೇರಿ ನಡೆಸುವ ಈ ಕೆಲಸದ ಬಗ್ಗೆ ನಮ್ಮಲ್ಲಿ ತಿಳಿದವರು ಕಡಿಮೆ.

ನಮಗೆ ಅದರ ಅಗತ್ಯವಂತೂ ಹೆಚ್ಚು. ಹೊಗೆಸೊಪ್ಪು, ಗುಟ್ಕಾ, ಅಡಿಕೆ, ಬೀಡಿಗಳ ದೆಸೆಯಿಂದ ಭಾರತದ ಗಂಡಸರಲ್ಲಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ವ್ಯಾಪಕ. ಉಣ್ಣುವ, ಉಸಿರಾಡುವ, ಮಾತಾಡುವ ದಾರಿಗಳು ಕೂಡುವ ಜಾಗವದು. ಅಲ್ಲಿ ಕತ್ತರಿ ಆಡಿದರೆ ಬದುಕಿನ ಮೂರೂ ಮುಖ್ಯ ಕೆಲಸಗಳಿಗೆ ಪೆಟ್ಟು ಬೀಳುತ್ತದೆ.

ಧ್ವನಿಪೆಟ್ಟಿಗೆ ತೆಗೆದ ಮೇಲೆ

ಕ್ಯಾನ್ಸರ್‌ಗಾಗಿ ಇಡೀ ಧ್ವನಿಪೆಟ್ಟಿಗೆಯನ್ನು ತೆಗೆದ ಮೊದಲ ಶಸ್ತ್ರಚಿಕಿತ್ಸೆ ನಡೆದದ್ದು 1873ರಲ್ಲಿ, ವಿಯೆನ್ನಾದಲ್ಲಿ. ಮಾಡಿದವರು ಥಿಯೋಡೋರ್ ಬಿಲ್‌ರೋತ್. ಅವರ ಸಹಾಯಕ ಕಾರ್ಲ್ ಗುಸೆನ್‌ಬಾವರ್ ಅದೇ ರೋಗಿಗೆ ಕೃತಕ ಧ್ವನಿಪೆಟ್ಟಿಗೆಯೊಂದನ್ನೂ ತಯಾರಿಸಿದರು. ಜೀವ ಉಳಿಸಿದ ಬೆನ್ನಿಗೇ ಮಾತನ್ನೂ ಮರಳಿಸಬೇಕೆಂಬ ಹಂಬಲ ಮೊದಲ ರೋಗಿಯಿಂದಲೇ ಜೊತೆಗಿತ್ತು.

ಈ ಶಸ್ತ್ರಚಿಕಿತ್ಸೆಯಲ್ಲಿ ಶ್ವಾಸನಾಳದ ತುದಿಯನ್ನು ಕತ್ತಿನ ಮುಂಭಾಗಕ್ಕೆ ತಂದು ಹೊಲಿಯುತ್ತಾರೆ. ಅಲ್ಲಿಂದಾಚೆಗೆ ಉಸಿರಾಟವೆಲ್ಲ ಕತ್ತಿನ ಆ ರಂಧ್ರದಿಂದಲೇ, ಜೀವನಪೂರ್ತಿ. ಮೂಗಿನ ಮೂಲಕ ಗಾಳಿ ಹಾಯದ್ದರಿಂದ ಒಗ್ಗರಣೆಯ ಘಮವೂ ಗ್ಯಾಸ್ ಸೋರಿದ ವಾಸನೆಯೂ ತಿಳಿಯದು. ಧೂಳು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೇ ರಂಧ್ರದ ಮೇಲೆ ತೆಳುಬಟ್ಟೆ ಅಥವಾ ಫಿಲ್ಟರ್ ಇರಬೇಕು. ಸ್ನಾನ ಮಾಡುವಾಗ ನೀರು ಒಳಹೋಗದಂತೆ ಕಾಯಬೇಕು. ಇಂಥವರು ಎಲ್ಲಾದರೂ ಕುಸಿದು ಬಿದ್ದರೆ ಆಮ್ಲಜನಕ ಕೊಡಬೇಕಾದದ್ದು ಕತ್ತಿನ ರಂಧ್ರಕ್ಕೆ. ಬಾಯಿ–ಮೂಗಿಗೆ ಹಿಡಿದರೆ ಅದು ಶ್ವಾಸಕೋಶ ಮುಟ್ಟುವುದೇ ಇಲ್ಲ. ಮನೆಯವರೂ ಹತ್ತಿರದ ಆರೋಗ್ಯ ಕೇಂದ್ರದವರೂ ತಿಳಿದಿರಲೇಬೇಕಾದ ಸಂಗತಿ ಇದು.

ಮಾತಿಗೆ ಮೂರು ದಾರಿಗಳಿವೆ. ಬಾಯಿಂದ ಗಾಳಿಯನ್ನು ಅನ್ನನಾಳದ ಮೇಲ್ಭಾಗಕ್ಕೆ ತಳ್ಳಿ, ಅದನ್ನೇ ಮರಳಿ ಬಿಡುತ್ತ ದನಿ ಹೊರಡಿಸುವುದು ಮೊದಲನೆಯದು. ಸಾಧನವೇನೂ ಬೇಡ, ಖರ್ಚಿಲ್ಲ. ಆದರೆ ಕಲಿಯಲು ತಿಂಗಳುಗಟ್ಟಲೆ ಅಭ್ಯಾಸ ಬೇಕು, ಎಲ್ಲರಿಗೂ ಒಲಿಯುವುದಿಲ್ಲ. ಎರಡನೆಯದು ಎಲೆಕ್ಟ್ರೊಲ್ಯಾರಿಂಕ್ಸ್. ಟಾರ್ಚಿನಂಥ ಬ್ಯಾಟರಿ ಸಾಧನವನ್ನು ಕತ್ತಿಗೆ ಒತ್ತಿದರೆ ಅದರ ಕಂಪನ ಬಾಯೊಳಗೆ ಹೋಗುತ್ತದೆ. ತುಟಿ, ನಾಲಗೆ ಅದನ್ನು ಮಾತಾಗಿಸುತ್ತವೆ. ದನಿ ಏರಿಳಿತವಿಲ್ಲದ ಯಂತ್ರದ ದನಿಯಾದರೂ ಬೇಗ ಕಲಿಯಬಹುದು.

ಮೂರನೆಯದು ಅಮೆರಿಕದ ಎರಿಕ್ ಬ್ಲಾಮ್ ಮತ್ತು ಮಾರ್ಕ್ ಸಿಂಗರ್ 1980ರಲ್ಲಿ ಪ್ರಕಟಿಸಿದ ವಿಧಾನ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆಯಲ್ಲಿ ಪುಟ್ಟ ತೂತು ಮಾಡಿ ಸಿಲಿಕಾನ್ ಕವಾಟ ಕೂರಿಸುತ್ತಾರೆ. ಕತ್ತಿನ ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಕವಾಟದ ಮೂಲಕ ಅನ್ನನಾಳಕ್ಕೆ ನುಗ್ಗಿ, ಅಲ್ಲಿನ ಗೋಡೆ ಕಂಪಿಸಿ ದನಿ ಹುಟ್ಟುತ್ತದೆ. ಕವಾಟ ಒಂದೇ ದಿಕ್ಕಿಗೆ ತೆರೆಯುವುದರಿಂದ ಅನ್ನ–ನೀರು ಶ್ವಾಸನಾಳಕ್ಕೆ ಬೀಳದು. ಇದನ್ನು ದಿನವೂ ಚಿಕ್ಕ ಬ್ರಷ್ಷಿನಿಂದ ಶುಚಿ ಮಾಡಬೇಕು. ಕೆಲವು ತಿಂಗಳಾದ ಮೇಲೆ ಶಿಲೀಂಧ್ರ ಕಟ್ಟಿ ಕವಾಟ ಸರಿಯಾಗಿ ಮುಚ್ಚದೆ, ನೀರು ಕುಡಿದಾಗ ಸೋರಿ ಕೆಮ್ಮು ಬಂದರೆ ಬದಲಾಯಿಸುವ ಕಾಲ ಬಂದಿದೆ ಎಂದೇ ಅರ್ಥ.

ಬಡವರು ಸೋಲುತ್ತಿದ್ದುದು ಇಲ್ಲೇ. ಹೊರದೇಶದಿಂದ ತರಿಸಿದ ಕವಾಟಕ್ಕೆ ಸಾವಿರಾರು ರೂಪಾಯಿ, ಅದೂ ಮತ್ತೆ ಮತ್ತೆ. ಬೆಂಗಳೂರಿನ ತಲೆ–ಕತ್ತಿನ ಕ್ಯಾನ್ಸರ್ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್, ಗೆಳೆಯ ಶಶಾಂಕ್ ಮಹೇಶ್ ಜೊತೆಗೂಡಿ ರೂಪಿಸಿದ ‘ಓಂ’ ಕವಾಟ ದೇಶದ ಗಮನ ಸೆಳೆದದ್ದು ಈ ಕಾರಣಕ್ಕೇ: ಆಗ ಅದರ ಬೆಲೆ ಸುಮಾರು 50 ರೂಪಾಯಿ ಎಂದು ವರದಿಯಾಗಿತ್ತು.

ಸಾಧನ ಯಾವುದೇ ಇರಲಿ, ಮಾತು ಕಲಿಸುವುದು ಸ್ಪೀಚ್ ಥೆರಪಿಸ್ಟ್. ಬೆರಳು ಎಷ್ಟು ಒತ್ತಬೇಕು, ಒಂದು ಉಸಿರಿಗೆ ಎಷ್ಟು ಮಾತು, ಗದ್ದಲದಲ್ಲಿ ಹೇಗೆ ಎಂಬುದನ್ನೆಲ್ಲ ಅವರು ಎದುರು ಕೂತು ತಿದ್ದುತ್ತಾರೆ. ಬಾಯಿ ಮುಚ್ಚಿಕೊಂಡೇ ಆಕಳಿಸುವ ಚಲನೆ ಮಾಡಿ ಮೂಗಿನೊಳಕ್ಕೆ ಗಾಳಿ ಸೆಳೆದು ವಾಸನೆ ಹಿಡಿಯುವ ಉಪಾಯವನ್ನೂ ಕಲಿಸಬಲ್ಲರು. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತಜ್ಞರನ್ನು ತಯಾರುಮಾಡುತ್ತ ಬಂದಿದೆ. ಈ ವಿದ್ಯೆಯ ದೊಡ್ಡ ನೆಲೆಯೊಂದು ನಮ್ಮ ನಾಡಿನಲ್ಲೇ ಇದೆ ಎಂಬುದು ನಮಗೆ ಬಲ.

ನುಂಗುವುದನ್ನು ಮತ್ತೆ ಕಲಿಯುವುದು

ರೇಡಿಯೇಷನ್ ಮುಗಿದರೂ ಅದರ ಪರಿಣಾಮ ಮುಗಿಯುವುದಿಲ್ಲ. ಸ್ನಾಯುಗಳು ತಿಂಗಳು, ವರ್ಷಗಳವರೆಗೆ ಬಿಗಿಯುತ್ತ ಹೋಗುತ್ತವೆ, ಜೊಲ್ಲು ಬತ್ತುತ್ತದೆ, ಹಲ್ಲು ಹುಳುಕಾಗುತ್ತವೆ. ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ 35 ಮಿಲಿಮೀಟರ್‌ಗಿಂತ ಕಡಿಮೆ ಜಾಗವಿದ್ದರೆ ಬಾಯಿ ಬಿಗಿದಿದೆ ಎಂದು ಲೆಕ್ಕ. ಅಡಿಕೆ ಜಗಿದು ಮೊದಲೇ ಬಾಯಿ ಗಡುಸಾದವರಿಗೆ ಕಷ್ಟ ಇಮ್ಮಡಿ. ಇದಕ್ಕೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಕ್ರಮೇಣ ಒಂದೊಂದೇ ಕಡ್ಡಿ ಹೆಚ್ಚಿಸುವ ವ್ಯಾಯಾಮವಿದೆ. ಬಿಡದೆ ದಿನಕ್ಕೆ ಹಲವು ಸಲ ಮಾಡಿದರೆ ಮಾತ್ರ ಫಲ.

ನುಂಗುವ ತೊಂದರೆ ಇದ್ದವರಿಗೆ ನೀರಾದರೂ ಕುಡಿಸೋಣ ಎಂದು ಮನೆಯವರು ಹೊರಡುತ್ತಾರೆ. ಆದರೆ ತೆಳು ನೀರು ಸರ್ರನೆ ಹರಿದು ಶ್ವಾಸನಾಳಕ್ಕೆ ಇಳಿಯುವ ಅಪಾಯವೇ ಹೆಚ್ಚು. ಅನೇಕರಿಗೆ ಮಂದ ಗಂಜಿ ಸಲೀಸು. ಗದ್ದವನ್ನು ಎದೆಯತ್ತ ಬಾಗಿಸಿ ನುಂಗುವುದರಿಂದಲೂ ಕೆಲವರಿಗೆ ಉಸಿರುದಾರಿಗೆ ರಕ್ಷಣೆ ಸಿಗುತ್ತದೆ. ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಬೇರಿಯಂ ನುಂಗಿಸಿ ಎಕ್ಸ್‌ರೇಯಲ್ಲಿ ನೋಡಿ ತಜ್ಞರು ತೀರ್ಮಾನಿಸುತ್ತಾರೆ. ಮೂಗಿನ ಟ್ಯೂಬಿನಿಂದ ಆಹಾರ ಹೋಗುತ್ತಿದ್ದಾಗಲೂ ನುಂಗುವ ವ್ಯಾಯಾಮ ಬಿಡಬಾರದು ಎನ್ನುತ್ತಾರೆ ಅವರು. ಬಳಸದ ಸ್ನಾಯು ಬೇಗ ಸೊರಗುತ್ತದೆ.

ತೋಳು, ಮೈಬಲ

ಕತ್ತಿನ ದುಗ್ಧಗ್ರಂಥಿಗಳನ್ನು ತೆಗೆಯುವಾಗ ಭುಜದ ನರಕ್ಕೆ ಪೆಟ್ಟಾದರೆ ಕೈ ಮೇಲೇಳದು. ಸ್ತನ ಕ್ಯಾನ್ಸರಿಗೆ ಕಂಕುಳಿನ ಗ್ರಂಥಿ ತೆಗೆದವರಲ್ಲಿ ಕೆಲವರಿಗೆ ತೋಳು ಬಾಯುತ್ತದೆ. ನಯವಾದ ಮಸಾಜು, ಪದರ ಪದರವಾದ ಬ್ಯಾಂಡೇಜು, ಒತ್ತಿಹಿಡಿಯುವ ಬಿಗಿ ತೋಳುಚೀಲ (ಕಂಪ್ರೆಷನ್ ಸ್ಲೀವ್), ಚರ್ಮದ ಆರೈಕೆ ಇದರ ಚಿಕಿತ್ಸೆ. ಆನೆಕಾಲು ರೋಗದ ಬಾವಿಗೆ ಆಧುನಿಕ ವೈದ್ಯ, ಆಯುರ್ವೇದ, ಯೋಗಗಳನ್ನು ಬೆಸೆದು ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ರೂಪಿಸಿದ ಕ್ರಮವೂ ಇಂಥ ದುಗ್ಧ ಬಾವಿನ ಆರೈಕೆಯದೇ.

ಬಾತ ಕೈಯಲ್ಲಿ ಭಾರ ಎತ್ತಲೇಬಾರದು ಎಂಬ ಹಳೆಯ ಎಚ್ಚರಿಕೆಯಿಂದ ಎಷ್ಟೋ ಹೆಂಗಸರು ಕೊಡ ಎತ್ತುವುದನ್ನೂ ಮಗುವನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಿದ್ದರು. ಅಮೆರಿಕದಲ್ಲಿ 141 ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಆ ಭಯವನ್ನು ತಗ್ಗಿಸಿತು: ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಭಾರ ಹೆಚ್ಚಿಸುತ್ತ ಹೋದವರಲ್ಲಿ ಬಾವು ಉಲ್ಬಣಿಸಿದ್ದು ಕಡಿಮೆಯೇ. ವ್ಯಾಯಾಮದ ಲಾಭ ತೋಳಿಗಷ್ಟೇ ಅಲ್ಲ. ದೊಡ್ಡಕರುಳಿನ ಕ್ಯಾನ್ಸರ್‌ನ 889 ರೋಗಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕೀಮೋ ನಂತರ ಮೂರು ವರ್ಷ ಕ್ರಮಬದ್ಧ ವ್ಯಾಯಾಮ ಮಾಡಿದವರ ಪೈಕಿ ಐದನೇ ವರ್ಷಕ್ಕೆ ರೋಗಮುಕ್ತರಾಗಿ ಉಳಿದವರು ಶೇ 80. ಆರೋಗ್ಯ ಮಾಹಿತಿಯ ಕೈಪಿಡಿಯನ್ನಷ್ಟೇ ಪಡೆದವರಲ್ಲಿ ಶೇ 74. ಚಿಕಿತ್ಸೆಯಾದವರನ್ನು ‘ಸುಮ್ಮನೆ ಮಲಗಿರಿ’ ಎನ್ನುವ ನಮ್ಮ ಅಕ್ಕರೆ ಅವರ ಬಲವನ್ನೇ ಕಿತ್ತುಕೊಳ್ಳಬಹುದು.

ಮೊದಲೇ ಕೇಳಿ

ಪುನಶ್ಚೇತನ ಶುರುವಾಗಬೇಕಾದದ್ದು ಶಸ್ತ್ರಚಿಕಿತ್ಸೆಗೂ ಮುಂಚೆ. ಮಾತು ಹೋಗಲಿದೆ ಎಂದು ತಿಳಿದಾಗಲೇ ಸ್ಪೀಚ್ ಥೆರಪಿಸ್ಟರನ್ನು ಕಂಡು, ಹಾಗೆಯೇ ಮಾತು ಮರಳಿ ಪಡೆದವರೊಬ್ಬರನ್ನು ಭೇಟಿಯಾದರೆ ಧೈರ್ಯ ಬರುತ್ತದೆ. ರೇಡಿಯೇಷನ್‌ಗೆ ಮುಂಚೆ ಹಲ್ಲು ತೋರಿಸಬೇಕು. ‘ಆಮೇಲೆ ನಾನು ಹೇಗೆ ಉಣ್ಣುತ್ತೇನೆ, ಹೇಗೆ ಮಾತಾಡುತ್ತೇನೆ, ಯಾವ ವ್ಯಾಯಾಮ ಮಾಡಬೇಕು, ಯಾರು ಕಲಿಸುತ್ತಾರೆ?’ ಎಂದು ರೋಗಿ ಸಂಕೋಚವಿಲ್ಲದೆ ಕೇಳಬೇಕು.

ಸರ್ಕಾರವೂ ಒಂದು ಮಾತು ಒಪ್ಪಬೇಕು. ಬೀದರ್‌ನಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮಾತಿನ ತರಬೇತಿಗೆ ವಾರವಾರ ಅಷ್ಟು ದೂರ ಬರಲಾರರು. ಗಡ್ಡೆ ತೆಗೆಯಲು ಕೊಡುವ ನೆರವು ದನಿ, ತುತ್ತು, ತೋಳು ಮರಳಿಸುವ ಕೆಲಸಕ್ಕೂ ಸಿಗಲಿ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಕ್ಯಾನ್ಸರ್ ರೋಗಿಗಳ ಆರೈಕೆಯಲ್ಲಿ ಪಳಗಿದ ಒಬ್ಬ ಸ್ಪೀಚ್ ಥೆರಪಿಸ್ಟ್, ಒಬ್ಬ ಫಿಸಿಯೊಥೆರಪಿಸ್ಟ್ ಇರಲಿ. ಉಳಿಸಿದ ಜೀವಕ್ಕೆ ಇಷ್ಟನ್ನು ಕೊಡುವುದು ನಮ್ಮ ಹೊಣೆ.