ಲೇಖನಿ ಹಿಡಿದ ನಟಿ ಫಾತ್ಮಾ ಬೇಗಂ

ಸೂರತ್ತಿನ ಪಾಂಡೇಸರಾ ಎಂದರೆ ಬಟ್ಟೆಗೆ ಬಣ್ಣ ಹಾಕುವ, ಪ್ರಿಂಟ್ ಮಾಡುವ ಮಿಲ್ಲುಗಳ ಜಾಗ. ಇಲ್ಲಿಂದ ನವಸಾರಿ ಕಡೆಗೆ ಹೊರಟರೆ ಭೇಸ್ತಾನ್ ದಾಟಿದ ಮೇಲೆ ಸಚಿನ್ ಸಿಗುತ್ತದೆ. ನಮ್ಮ ಕಡೆಯಿಂದ ಬಂದ ನೆಂಟರಿಗೆ ಸ್ಟೇಷನ್ನಿನ ಹಳದಿ ಬೋರ್ಡು ಕಂಡ ಕೂಡಲೇ ನೆನಪಾಗುವುದು ಕ್ರಿಕೆಟ್. ಆದರೆ ಇದು 1791ರಿಂದ 1948ರವರೆಗೆ ಸಿದ್ದಿ ನವಾಬರು ಆಳಿದ ಪುಟ್ಟ ಸಂಸ್ಥಾನ. ಯಲ್ಲಾಪುರ, ಹಳಿಯಾಳದ ನಮ್ಮ ಸಿದ್ದಿಗಳಂತೆ ಇವರ ಮೂಲವೂ ಆಫ್ರಿಕಾ. ಈ ಸಂಸ್ಥಾನದ ಜೊತೆ ಇನ್ನೊಂದು ಹೆಸರೂ ತಳಕು ಹಾಕಿಕೊಂಡಿದೆ. ಅದು ಭಾರತದ ಮೊದಲ ಚಿತ್ರ ನಿರ್ದೇಶಕಿ ಫಾತ್ಮಾ ಬೇಗಂ ಅವರದು.

ಸಚಿನ್ ನವಾಬ ಮೂರನೆಯ ಇಬ್ರಾಹಿಂ ಯಾಕೂತ್ ಖಾನರನ್ನು ಅವರು ಮದುವೆಯಾಗಿದ್ದರು ಎಂಬ ಮಾತಿದೆ. ಮದುವೆಯ ದಾಖಲೆಯಾಗಲಿ, ನವಾಬರು ಮಕ್ಕಳನ್ನು ತಮ್ಮವರೆಂದು ಒಪ್ಪಿಕೊಂಡ ದಾಖಲೆಯಾಗಲಿ ಇಲ್ಲ. ಫಾತ್ಮಾ ಅವರ ಬಗ್ಗೆ ಮಾತು ಶುರುವಾದರೆ ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಕೆಲಸ.

1892ರಲ್ಲಿ ಹುಟ್ಟಿದ ಫಾತ್ಮಾ ಮೊದಲು ಪಾತ್ರ ಮಾಡಿದ್ದು ಉರ್ದು ರಂಗಭೂಮಿಯಲ್ಲಿ. ಹೆಣ್ಣಿನ ಪಾತ್ರಕ್ಕೆ ಗಂಡಸರೇ ಸೀರೆ ಉಡುತ್ತಿದ್ದ ಕಾಲ ಅದು. 1913ರಲ್ಲಿ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದಲ್ಲಿ ತಾರಾಮತಿಯಾದದ್ದು ಸಾಳುಂಕೆ ಎಂಬ ಗಂಡಸು. ಅಂಥ ಹೊತ್ತಿನಲ್ಲಿ, 1922ರ 'ವೀರ್ ಅಭಿಮನ್ಯು' ಮೂಲಕ ಫಾತ್ಮಾ ಸಿನಿಮಾಕ್ಕೆ ಬಂದರು. ಆಗ ಅವರಿಗೆ ಮೂವತ್ತು ವರ್ಷ. ಜುಬೇದಾ, ಸುಲ್ತಾನಾ, ಶೆಹಜಾದಿ ಎಂಬ ಮೂವರು ಹೆಣ್ಣುಮಕ್ಕಳ ತಾಯಿ.

ಉರ್ದು ನಾಟಕದ ಬಲವೇ ಮಾತು. ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳುವ ಗಟ್ಟಿ ಸಂಭಾಷಣೆ, ಹಾಡು, ಪ್ರಾಸ. ಮೂಕಿ ಚಿತ್ರದಲ್ಲಿ ಇವಾವುದಕ್ಕೂ ಜಾಗವಿಲ್ಲ. ದೃಶ್ಯಗಳ ನಡುವೆ ಬರಹದ ಫಲಕ ಒಂದೆರಡು ವಾಕ್ಯ ತೋರಿಸಿ ಮರೆಯಾಗುತ್ತದೆ. ಉಳಿದದ್ದನ್ನೆಲ್ಲ ಕಣ್ಣು, ಕೈ, ನಡಿಗೆ ಹೇಳಬೇಕು. ಹಾಗಾಗಿ ಮೂಕಿಗೆ ಕಥೆ ಬರೆಯುವುದೆಂದರೆ ಮಾತು ಬರೆಯುವುದಲ್ಲ. ಯಾರು ಎಲ್ಲಿಂದ ಬರುತ್ತಾರೆ, ಏನು ಮಾಡುತ್ತಾರೆ, ಮುಂದಿನ ದೃಶ್ಯ ಯಾವುದು ಎಂದು ಒಂದೊಂದಾಗಿ ಕಟ್ಟುವುದು. ಮಾತಿನ ರಂಗದಿಂದ ಬಂದ ನಟಿ ಮಾತಿಲ್ಲದ ಮಾಧ್ಯಮಕ್ಕೆ ಚಿತ್ರಕಥೆ ಬರೆಯಲು ಕೂತದ್ದು ಸಣ್ಣ ಸಂಗತಿಯಲ್ಲ.

ನಟಿಯಾಗಿದ್ದಷ್ಟು ದಿನ ಪಾತ್ರ ಅಳಬೇಕೋ ಗೆಲ್ಲಬೇಕೋ ಎಂದು ನಿರ್ಧರಿಸುವವರು ಬೇರೆಯವರು. ಬರೆಯುವವರಿಗೆ ಆ ಅಧಿಕಾರ ಸಿಗುತ್ತದೆ, ಆದರೆ ಬರೆದದ್ದು ತೆರೆಗೆ ಬರಲು ದುಡ್ಡು ಹಾಕುವವರು ಬೇಕು. ಫಾತ್ಮಾ ಅದಕ್ಕೂ ಬೇರೆಯವರ ದಾರಿ ಕಾಯಲಿಲ್ಲ. 1926ರಲ್ಲಿ ಫಾತ್ಮಾ ಫಿಲ್ಮ್ಸ್ ಶುರು ಮಾಡಿ, ಅದೇ ವರ್ಷ 'ಬುಲ್‌ಬುಲ್-ಎ-ಪರಿಸ್ತಾನ್' ನಿರ್ದೇಶಿಸಿದರು. ಅದು ಕ್ಯಾಮೆರಾ ಚಮತ್ಕಾರಗಳಿದ್ದ ಕಿನ್ನರ ಲೋಕದ ಕಥೆ. 1928ರಲ್ಲಿ ಸಂಸ್ಥೆಯ ಹೆಸರು ವಿಕ್ಟೋರಿಯಾ-ಫಾತ್ಮಾ ಫಿಲ್ಮ್ಸ್ ಆಯಿತು. 'ಹೀರ್ ರಾಂಝಾ'ದಂಥ ಚಿತ್ರಗಳು ಬಂದವು. ಜೊತೆಜೊತೆಗೇ ಕೊಹಿನೂರ್, ಇಂಪೀರಿಯಲ್ ಸ್ಟುಡಿಯೋಗಳ ಚಿತ್ರಗಳಲ್ಲೂ ನಟಿಸುತ್ತಿದ್ದರು. ಹಗಲು ಕಂಪನಿ ಕೆಲಸ, ರಾತ್ರಿ ಸ್ವಂತ ಸ್ಟಾರ್ಟಪ್ ಎಂದು ಓಡಾಡುವ ನಮ್ಮ ಐಟಿ ಗೆಳೆಯರಿಗೆ ಈ ಲೆಕ್ಕಾಚಾರ ಚೆನ್ನಾಗಿ ಅರ್ಥವಾದೀತು.

ಐದು ವರ್ಷದಲ್ಲಿ ಕಾಲವೇ ಬದಲಾಯಿತು. 1931ರ ಮಾರ್ಚ್ 14ರಂದು ಮುಂಬೈಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಭಾರತದ ಮೊದಲ ಟಾಕಿ 'ಆಲಂ ಆರಾ' ತೆರೆಕಂಡಿತು. ಅದರ ನಾಯಕಿ ಸೂರತ್ತಿನಲ್ಲಿ ಹುಟ್ಟಿದ ಮಗಳು ಜುಬೇದಾ. ತಾಯಿ ರಂಗದ ಮೇಲೆ ಬಿಟ್ಟುಬಂದ ಮಾತು ಮಗಳ ಬಾಯಲ್ಲಿ ತೆರೆಗೆ ಬಂತು. ಫಾತ್ಮಾ ಆ ದಶಕದ ಕೊನೆಯವರೆಗೂ ನಟಿಸಿದರು. ನಿರ್ದೇಶನ ಮಾತ್ರ 1929ಕ್ಕೇ ನಿಂತಿತ್ತು.

ಕನ್ನಡದಲ್ಲೂ ಸಿನಿಮಾಕ್ಕೆ ಬರವಣಿಗೆ ಕೊಟ್ಟದ್ದು ರಂಗಭೂಮಿಯೇ. 1934ರ 'ಸತಿ ಸುಲೋಚನಾ'ಕ್ಕೆ ಬರೆದವರು ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. 'ಆಲಂ ಆರಾ' ಉಳಿದಿಲ್ಲ, 'ಬುಲ್‌ಬುಲ್-ಎ-ಪರಿಸ್ತಾನ್' ಕೂಡ ಉಳಿದಿಲ್ಲ. ಆದರೂ ನಷ್ಟ ಎಲ್ಲರಿಗೂ ಒಂದೇ ಅಲ್ಲ. ಶಾಸ್ತ್ರಿಗಳನ್ನು ನಾವು ನಾಟಕಕಾರರೆಂದೇ ನೆನೆಯುತ್ತೇವೆ. ಫಾತ್ಮಾ ಅವರ ಕೆಲಸ ಕಳೆದುಹೋದಾಗ ಉಳಿದದ್ದು ನವಾಬರ ಗಾಳಿಸುದ್ದಿ ಮತ್ತು ಜುಬೇದಾಳ ತಾಯಿ ಎಂಬ ಗುರುತು.

ಅವರು ತೀರಿಕೊಂಡದ್ದು 1983ರಲ್ಲಿ. ರಂಗಭೂಮಿಯಿಂದಲೇ ಬಂದ ಪ್ರೇಮಾ ಕಾರಂತರ 'ಫಣಿಯಮ್ಮ' ಬಂದದ್ದೂ ಅದೇ ವರ್ಷ. ನಡುವೆ ಐವತ್ತೇಳು ವರ್ಷಗಳ ಅಂತರ. ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿದ, ಹಾಡು ಕಟ್ಟಿದ ಹೆಣ್ಣುಮಕ್ಕಳು ನಮ್ಮ ಗದಗ, ಗುಬ್ಬಿಗಳಲ್ಲೂ ಇದ್ದರು. ಈ ಬಾರಿ ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರನ್ನು ಅವರ ಬಗ್ಗೆ ಕೇಳಿ ನೋಡಿ. ಯಾರ ಹೆಂಡತಿ, ಯಾರ ತಾಯಿ ಎಂದು ಹೇಳಿ ಮುಗಿಸಿದರೆ, ಏನು ಕೆಲಸ ಮಾಡಿದರು ಎಂದು ಇನ್ನೊಮ್ಮೆ ಕೇಳಿ, ಬರೆದಿಟ್ಟುಕೊಳ್ಳಿ.