ಅರ್ಧ ಕೇಳಿದ ಸಾಕ್ಷ್ಯ

ಹವಾಮಾನ ಬದಲಾವಣೆಯ ಮಾತೆತ್ತಿದಾಗಲೆಲ್ಲ ಒಂದು ವಾದ ತಪ್ಪದೆ ಕೇಳಿಬರುತ್ತದೆ. ಭೂಮಿ ಹಿಂದೆಯೂ ಕಾದಿತ್ತು, ಹಿಂದೆಯೂ ತಣ್ಣಗಾಗಿತ್ತು. ಆಗ ಕಾರೂ ಇರಲಿಲ್ಲ, ಕಾರ್ಖಾನೆಯೂ ಇರಲಿಲ್ಲ. ಈಗ ಮಾತ್ರ ಯಾಕಿಷ್ಟು ಗಾಬರಿ? ಈ ಮಾತಿನ ಮೊದಲರ್ಧ ಅಪ್ಪಟ ನಿಜ. ಆದರೆ ಅದು ನಿಜವೆಂದು ನಮಗೆ ಗೊತ್ತಾದದ್ದು ಹೇಗೆಂದು ಕೇಳುವವರು ಕಡಿಮೆ. ಉಷ್ಣಮಾಪಕ ನೋಡಿ ಬರೆದಿಟ್ಟ ಲೆಕ್ಕ ನಾಲ್ಕು ಶತಮಾನಗಳಷ್ಟು ಹಿಂದಕ್ಕೂ ಹೋಗುವುದಿಲ್ಲ. ಕೋಟಿಗಟ್ಟಲೆ ವರ್ಷಗಳ ಹಿಂದಿನ ಸೆಕೆ-ಚಳಿಯ ಬಗ್ಗೆ ಇಂದು ಯಾರಾದರೂ ಧೈರ್ಯವಾಗಿ ಮಾತಾಡುತ್ತಿದ್ದರೆ ಅದು ಬಹುಪಾಲು ಕಡಲತಳದ ಹೂಳಿನಲ್ಲಿ ಹುದುಗಿದ್ದ ಪುಟ್ಟ ಚಿಪ್ಪುಗಳ ಬಲದಿಂದ. ಅದೇ ಚಿಪ್ಪುಗಳು ಬದಲಾವಣೆ ಎಷ್ಟು ವೇಗದಲ್ಲಿ ನಡೆಯಿತು, ಆಗ ಯಾರು ಉಳಿದರು, ಯಾರು ಅಳಿದರು ಎಂಬುದನ್ನೂ ಹೇಳುತ್ತವೆ. ಸಾಕ್ಷಿಯ ಹೇಳಿಕೆಯಲ್ಲಿ ಅನುಕೂಲದ ಅರ್ಧವನ್ನು ಒಪ್ಪಿ, ಉಳಿದರ್ಧಕ್ಕೆ ಕಿವಿ ಮುಚ್ಚಿಕೊಳ್ಳುವುದು ಯಾವ ನ್ಯಾಯ?

ಇಲ್ಲಿ ಚಿಪ್ಪು ಎಂದರೆ ಮಲ್ಪೆಯ ಮರಳಿನಲ್ಲಿ ಮಕ್ಕಳು ಹೆಕ್ಕುವಂಥದ್ದಲ್ಲ. ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳು ಸಮುದ್ರದ ನೀರಿನಿಂದಲೇ ಸುಣ್ಣದ ಅಂಶ ಪಡೆದು, ಕೋಣೆಗೆ ಕೋಣೆ ಸೇರಿಸುತ್ತ ಕಟ್ಟಿಕೊಳ್ಳುವ ಕವಚ ಅದು. ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು. ಕೆಲವು ಜಾತಿಗಳು ಮೇಲ್ಪದರದ ನೀರಿನಲ್ಲಿ ತೇಲುತ್ತ ಬದುಕಿದರೆ, ಇನ್ನು ಕೆಲವು ತಳದ ಕೆಸರಿನಲ್ಲಿರುತ್ತವೆ. ಸತ್ತ ಮೇಲೆ ಎರಡರ ಚಿಪ್ಪೂ ಒಂದೇ ಹೂಳಿನಲ್ಲಿ ಸೇರುತ್ತದೆ. ಇವುಗಳ ಬಳಗದಲ್ಲೇ ನಾಣ್ಯದಗಲ ಬೆಳೆಯುತ್ತಿದ್ದ ನಮ್ಯುಲೈಟ್‌ಗಳೂ ಇದ್ದವು. ಕಚ್ಛ್‌ನ ಸುಣ್ಣಕಲ್ಲಿನಲ್ಲಿ, ಗೀಜಾದ ಪಿರಮಿಡ್ಡುಗಳ ಕಲ್ಲಿನಲ್ಲಿ ಅವು ಬರಿಗಣ್ಣಿಗೇ ಕಾಣುತ್ತವೆ. ಪಿರಮಿಡ್ ಕಟ್ಟಿದ ಕೂಲಿಯಾಳುಗಳು ಉಂಡು ಬಿಟ್ಟ ಬೇಳೆಯೇ ಹೀಗೆ ಕಲ್ಲಾಗಿದೆ ಎಂದು ಅಲ್ಲಿಯವರು ಹೇಳುತ್ತಿದ್ದುದನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ಭೂಗೋಳಜ್ಞ ಸ್ಟ್ರೇಬೊ ದಾಖಲಿಸಿದ್ದಾನೆ. 

ಚಿಪ್ಪಿನಿಂದ ತಾಪಮಾನ ಓದಬಹುದೆಂಬ ಹೊಳಹು ಬಂದದ್ದು ಭೂವಿಜ್ಞಾನಿಗಲ್ಲ, ರಸಾಯನವಿಜ್ಞಾನಿಗೆ. ಆಮ್ಲಜನಕದ ಪರಮಾಣುಗಳಲ್ಲಿ ಹಗುರವಾದ 16ರದ್ದೇ ಮೇಲುಗೈ. ಭಾರವಾದ 18ರದ್ದು ನೂರಕ್ಕೆ 0.2ರಷ್ಟು ಮಾತ್ರ. ನೀರು ತಣ್ಣಗಿದ್ದಷ್ಟೂ ಚಿಪ್ಪಿನೊಳಗೆ ಭಾರದ ಪರಮಾಣುಗಳ ಪಾಲು ತುಸು ಹೆಚ್ಚುತ್ತದೆ ಎಂದು ಅಮೆರಿಕದ ಹೆರಾಲ್ಡ್ ಯೂರಿ 1947ರಲ್ಲಿ ಲೆಕ್ಕ ಹಾಕಿ ತೋರಿಸಿದರು. 1951ರಲ್ಲಿ ಅವರ ತಂಡ ಜುರಾಸಿಕ್ ಕಾಲದ ಬೆಲೆಮ್ನೈಟ್ ಒಂದರ, ಅಂದರೆ ಬೊಂಡಾಸ್ ಮೀನಿನ ದೂರದ ನೆಂಟನ, ಪಳೆಯುಳಿಕೆಯನ್ನು ಪದರ ಪದರವಾಗಿ ಕೆರೆದು ಅಳೆಯಿತು. ಆ ಜೀವಿ ಮೂರು ಬೇಸಿಗೆ, ನಾಲ್ಕು ಚಳಿಗಾಲ ಕಂಡು ಸತ್ತಿತ್ತೆಂಬ ಲೆಕ್ಕ ಸಿಕ್ಕಿತು. ಹದಿನೈದು ಕೋಟಿ ವರ್ಷಗಳಿಗೂ ಹಿಂದಿನ ಋತುಗಳು ಹೀಗೆ ಎಣಿಕೆಗೆ ಸಿಗಬಹುದೆಂದು ಅದುವರೆಗೆ ಯಾರೂ ಎಣಿಸಿರಲಿಲ್ಲ.

ಆದರೆ ಇಂಥ ಸಾಕ್ಷಿಯನ್ನು ಸುಮ್ಮನೆ ನಂಬಬಾರದು, ಈ ಕ್ಷೇತ್ರದವರು ನಂಬಿದ್ದೂ ಇಲ್ಲ. ಯೂರಿಯವರ ಗರಡಿಯಲ್ಲಿ ಪಳಗಿದ ಚೆಸಾರೆ ಎಮಿಲಿಯಾನಿ 1955ರಲ್ಲಿ, ಹಿಮಯುಗಗಳಲ್ಲಿ ಕೆರಿಬಿಯನ್ ಕಡಲಿನ ಮೇಲ್ಪದರ ಸುಮಾರು 6 ಡಿಗ್ರಿ ತಣ್ಣಗಾಗಿತ್ತೆಂದು ಪ್ರಕಟಿಸಿದರು. ಹನ್ನೆರಡು ವರ್ಷಗಳ ನಂತರ ಕೇಂಬ್ರಿಜ್‌ನ ನಿಕೊಲಸ್ ಶ್ಯಾಕಲ್ಟನ್ ಎತ್ತಿದ ಆಕ್ಷೇಪ ಸರಳವೂ ಹರಿತವೂ ಆಗಿತ್ತು. ಸಮುದ್ರದಿಂದ ಆವಿಯಾಗಿ ಹೋಗುವ ನೀರಿನಲ್ಲಿ ಹಗುರ ಆಮ್ಲಜನಕವೇ ಹೆಚ್ಚು. ಅದು ಹಿಮವಾಗಿ ನೆಲದ ಮೇಲೆ ಕೂತುಬಿಟ್ಟರೆ ಉಳಿದ ಕಡಲು ಭಾರವಾಗುತ್ತದೆ. ಹಾಗಾದರೆ ಚಿಪ್ಪು ಭಾರವಾದದ್ದು ನೀರು ತಣ್ಣಗಾದದ್ದರಿಂದಲೋ, ಹಿಮ ಬೆಳೆದದ್ದರಿಂದಲೋ? ಶ್ಯಾಕಲ್ಟನ್ ತಳದಲ್ಲಿ ಬದುಕುವ ಜಾತಿಗಳನ್ನು ಅಳೆದರು. ಆಳದ ನೀರು ಹೇಗೂ ಹೆಪ್ಪುಗಟ್ಟುವ ಅಂಚಿನಲ್ಲೇ ಇರುವುದರಿಂದ ಅದು ಇನ್ನು ಆರು ಡಿಗ್ರಿ ಇಳಿಯಲು ಜಾಗವೇ ಇಲ್ಲ. ಆದರೂ ಆ ಚಿಪ್ಪುಗಳಲ್ಲಿ ಮೇಲಿನವುಗಳಷ್ಟೇ ಏರಿಳಿತವಿತ್ತು. ಎಂದಮೇಲೆ ಆ ಏರಿಳಿತದ ಬಹುಪಾಲು ಹಿಮದ ಲೆಕ್ಕ. ಎಮಿಲಿಯಾನಿಯವರ ಅಂಕಿ ಕುಸಿಯಿತು, ವಿಧಾನ ಕುಸಿಯಲಿಲ್ಲ. ಮುಂದೆ ಚಿಪ್ಪಿನಲ್ಲಿರುವ ಮೆಗ್ನೀಸಿಯಮ್ ಇನ್ನೊಂದು ಅಳತೆಗೋಲಾಯಿತು: ನೀರು ಬೆಚ್ಚಗಿದ್ದಷ್ಟೂ ಅದು ಹೆಚ್ಚು, ಹಿಮದ ಏರಿಳಿತ ಅದಕ್ಕೆ ತಾಗುವುದು ಕಡಿಮೆ. ಎರಡನ್ನೂ ಒಂದೇ ಚಿಪ್ಪಿನಲ್ಲಿ ಅಳೆದರೆ ಬಿಸಿ ಎಷ್ಟು, ಹಿಮ ಎಷ್ಟು ಎಂದು ಬಿಡಿಸಬಹುದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ. ಕೋಟಿ ವರ್ಷ ಹೂಳಿನಲ್ಲಿ ಬಿದ್ದ ಚಿಪ್ಪು ಹಾಗೇ ಉಳಿದೀತೇ? ಎಷ್ಟೋ ಬಾರಿ ಉಳಿಯುವುದಿಲ್ಲ. ಡೈನೋಸಾರ್‌ಗಳ ಕೊನೆಗಾಲದಲ್ಲೂ ಅದರ ನಂತರದ ಇಯೊಸೀನ್ ಯುಗದಲ್ಲೂ ಧ್ರುವಗಳು ಬೆಚ್ಚಗಿದ್ದವೆಂದೂ, ಉಷ್ಣವಲಯದ ಕಡಲು ಮಾತ್ರ ಇಂದಿಗಿಂತ ತಂಪಾಗಿತ್ತೆಂದೂ ಚಿಪ್ಪುಗಳು ಹೇಳುತ್ತಿದ್ದವು. ಹವಾಮಾನದ ಯಾವ ಗಣಿತಕ್ಕೂ ಇದು ಹೊಂದುತ್ತಿರಲಿಲ್ಲ. ತಪ್ಪು ಗಣಿತದ್ದು ಎಂದು ಕೆಲವರು ಹೇಳಿದ್ದೂ ಉಂಟು. 2001ರಲ್ಲಿ ಪಾಲ್ ಪಿಯರ್ಸನ್ ಮತ್ತು ಸಂಗಡಿಗರು ಟಾಂಜಾನಿಯಾದ ಜೇಡಿಮಣ್ಣಿನಲ್ಲಿ ಭದ್ರವಾಗಿ ಉಳಿದಿದ್ದ, ಗಾಜಿನಂತೆ ಹೊಳೆಯುವ ಚಿಪ್ಪುಗಳನ್ನು ಅಳೆದಾಗ ಗುಟ್ಟು ಹೊರಬಿತ್ತು. ಆಳ ಸಾಗರದ ಚಿಪ್ಪುಗಳು ತಳದ ಕೊರೆಯುವ ನೀರಿನಲ್ಲಿ ನಿಧಾನಕ್ಕೆ ಮರುಹರಳುಗಟ್ಟಿ, ಮೇಲ್ಪದರದ ಬಿಸಿಯ ಗುರುತು ಕಳೆದುಕೊಂಡು ತಳದ ಚಳಿಯನ್ನು ಮೈಗೂಡಿಸಿಕೊಂಡಿದ್ದವು. ಕೆಡದ ಚಿಪ್ಪುಗಳ ಪ್ರಕಾರ ಉಷ್ಣವಲಯದ ಕಡಲು ಇಂದಿನಷ್ಟಾದರೂ ಬೆಚ್ಚಗಿತ್ತು. ವಿಜ್ಞಾನಿಗಳು ತಮಗೆ ಬೇಕಾದ ಉತ್ತರವನ್ನೇ ಚಿಪ್ಪಿನಿಂದ ಹೊರಡಿಸುತ್ತಾರೆ ಎನ್ನುವವರಿಗೆ ಈ ಪ್ರಕರಣವೇ ಉತ್ತರ. ಅವರಿಗೆ ಬೇಡದ ಉತ್ತರ ವರ್ಷಗಟ್ಟಲೆ ಎದುರಿಗೇ ಕೂತಿತ್ತು; ಅದನ್ನು ಮುಚ್ಚಿಡಲಿಲ್ಲ, ಕಾರಣ ಹುಡುಕಿದರು.

ಹೀಗೆ ಪಾಟೀಸವಾಲು ದಾಟಿದ ಸಾಕ್ಷ್ಯವನ್ನು ಹಿಡಿದು ಈಗ ಮೂಲ ಪ್ರಶ್ನೆಗೆ ಬರೋಣ. ಇಂದಿನದಕ್ಕೆ ಹೋಲಿಸಲು ಚಿಪ್ಪುಗಳು ಕೊಡುವ ಅತಿ ಹತ್ತಿರದ ನಿದರ್ಶನ 5.6 ಕೋಟಿ ವರ್ಷಗಳ ಹಿಂದಿನದು, ಪೇಲಿಯೊಸೀನ್ ಮುಗಿದು ಇಯೊಸೀನ್ ಶುರುವಾಗುವ ಗಡಿಯದು. ಅಂಟಾರ್ಕ್ಟಿಕಾದ ಬಳಿ ಕೊರೆದು ತೆಗೆದ ಹೂಳಿನಲ್ಲಿ ಜೇಮ್ಸ್ ಕೆನೆಟ್ ಮತ್ತು ಲೋವೆಲ್ ಸ್ಟಾಟ್ ಇದನ್ನು ಗುರುತಿಸಿ 1991ರಲ್ಲಿ ಪ್ರಕಟಿಸಿದರು. ಚಿಪ್ಪುಗಳ ಆಮ್ಲಜನಕ ಹಠಾತ್ತನೆ ಹಗುರವಾಗಿತ್ತು, ಅಂದರೆ ಕಡಲು ಕಾದಿತ್ತು. ಇಂಗಾಲವೂ ಅದೇ ಹೊತ್ತಿಗೆ ಹಗುರವಾಗಿತ್ತು, ಅಂದರೆ ನೆಲದೊಳಗೋ ಕಡಲತಳದಲ್ಲೋ ಹೂತಿದ್ದ ಇಂಗಾಲ ಭಾರಿ ಪ್ರಮಾಣದಲ್ಲಿ ಗಾಳಿಗೂ ನೀರಿಗೂ ಸೇರಿತ್ತು. ಜಗತ್ತಿನ ಸರಾಸರಿ ತಾಪಮಾನ 5ರಿಂದ 6 ಡಿಗ್ರಿ ಏರಿತು. ಆಳ ಸಾಗರದ ತಳವಾಸಿ ಫೊರಾಮಿನಿಫೆರಾ ಜಾತಿಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಅಳಿದುಹೋದವು. ದಕ್ಷಿಣ ಅಟ್ಲಾಂಟಿಕ್‌ನ ವಾಲ್ವಿಸ್ ದಿಬ್ಬದಲ್ಲಿ ತೆಗೆದ ಹೂಳಿನ ಕಂಬಗಳಲ್ಲಿ ಬಿಳಿ ಸುಣ್ಣದ ಪದರ ಅಲ್ಲಿಗೆ ಕಡಿದು, ಕೆಂಪು ಜೇಡಿ ಶುರುವಾಗುತ್ತದೆ. ಕಡಲು ಎಷ್ಟು ಆಮ್ಲೀಯವಾಯಿತೆಂದರೆ ತಳ ಸೇರಿದ ಚಿಪ್ಪುಗಳೇ ಕರಗಿದವು. ಎಲ್ಲವೂ ಮೊದಲ ಸ್ಥಿತಿಗೆ ಮರಳಲು ಒಂದೂವರೆ ಲಕ್ಷ ವರ್ಷಗಳಿಗೂ ಹೆಚ್ಚು ಹಿಡಿಯಿತು.

ಇಲ್ಲಿ ಜಾಣ ಓದುಗ ಕೇಳಬಹುದಾದ ಪ್ರಶ್ನೆ ವೇಗದ್ದು. ಆಳ ಸಾಗರದಲ್ಲಿ ಸಾವಿರ ವರ್ಷಕ್ಕೆ ಬೀಳುವುದು ಒಂದೆರಡು ಸೆಂಟಿಮೀಟರ್ ಹೂಳು, ಅದನ್ನೂ ಹುಳುಗಳು ಕಲಕಿರುತ್ತವೆ. ಆ ಇಂಗಾಲ ನೂರೇ ವರ್ಷಗಳಲ್ಲಿ ನುಗ್ಗಿರಲಿಲ್ಲ ಎಂದು ಹೇಗೆ ಹೇಳುತ್ತೀರಿ? ಒಳ್ಳೆಯ ಪ್ರಶ್ನೆ, ಉತ್ತರವೂ ಅಷ್ಟೇ ಸೊಗಸಾಗಿದೆ. ಇಂಗಾಲ ಏಕಾಏಕಿ ಬಂದರೆ ಚಿಪ್ಪಿನ ಇಂಗಾಲ ಕೂಡಲೇ ಬದಲಾಗಬೇಕು. ಕಡಲು ಕಾಯಲು ಸಮಯ ಬೇಕಾದ್ದರಿಂದ ಆಮ್ಲಜನಕ ಹಿಂದೆ ಬೀಳಬೇಕು. ಹೂಳು ಬೇಗ ತುಂಬುತ್ತಿದ್ದ ನ್ಯೂಜೆರ್ಸಿ ಕರಾವಳಿಯ ಪದರಗಳಲ್ಲಿ ರಿಚರ್ಡ್ ಝೀಬೆ ಮತ್ತು ಸಂಗಡಿಗರು ಹುಡುಕಿದ್ದು ಈ ಅಂತರವನ್ನೇ. ಅದು ಸಿಗಲಿಲ್ಲ, ಎರಡೂ ಒಟ್ಟಿಗೆ ಸಾಗಿದ್ದವು. ಹಾಗಾಗಿ ಇಂಗಾಲ ಬಂದದ್ದು ಕನಿಷ್ಠ 4,000 ವರ್ಷಗಳಲ್ಲಿ, ವರ್ಷಕ್ಕೆ ಸುಮಾರು 110 ಕೋಟಿ ಟನ್ನಿನ ಮಿತಿಯೊಳಗೆ ಎಂದು 2016ರಲ್ಲಿ ತೀರ್ಮಾನಿಸಿದರು. ಕಲ್ಲಿದ್ದಲು, ತೈಲ, ಅನಿಲ ಸುಟ್ಟು ನಾವು ಈಗ ಬಿಡುತ್ತಿರುವ ಇಂಗಾಲ ವರ್ಷಕ್ಕೆ ಸುಮಾರು 1,000 ಕೋಟಿ ಟನ್. ಅಂದಿನ ಲೋಕ ಮೊದಲೇ ಬೆಚ್ಚಗಿತ್ತು, ಧ್ರುವಗಳಲ್ಲಿ ಕರಗಲು ಹಿಮದ ಹಾಸು ಇರಲಿಲ್ಲ, ಆದ್ದರಿಂದ ಹೋಲಿಕೆ ಪೂರ್ತಿ ಕೂಡುವುದಿಲ್ಲ ಎಂಬ ಮಾತೂ ಸರಿಯೇ. ಆದರೆ ಆ ವ್ಯತ್ಯಾಸ ನಮ್ಮ ಪಾಲಿಗೆ ಸಮಾಧಾನದ್ದಲ್ಲ: ಕರಗಿದರೆ ಕಡಲನ್ನು ಹತ್ತಾರು ಮೀಟರ್ ಏರಿಸುವಷ್ಟು ಹಿಮ ಈಗ ನೆಲದ ಮೇಲಿದೆ.

ಜೀವ ಆಗಲೂ ಉಳಿಯಿತಲ್ಲ ಎಂದರೆ, ಹೌದು, ಉಳಿಯಿತು. ಕುದುರೆಗಳ ಮತ್ತು ನಮ್ಮ ವಾನರ ಬಳಗದ ಪೂರ್ವಜರು ಉತ್ತರದ ಖಂಡಗಳಲ್ಲಿ ಹರಡಿದ್ದೇ ಆ ಹೊತ್ತಿನಲ್ಲಿ. ಅವುಗಳಿಗೆ ಬಂದರುಗಳಿರಲಿಲ್ಲ, ಮುಂಗಾರು ನೋಡಿ ಬಿತ್ತುವ ಹೊಲಗಳೂ ಇರಲಿಲ್ಲ. ಆ ಮುಂಗಾರಿನ ಚರಿತ್ರೆಯೂ ಚಿಪ್ಪುಗಳಲ್ಲಿದೆ. ನೈರುತ್ಯ ಮಾರುತ ಜೋರಾಗಿ ಬೀಸಿದಾಗ ಓಮನ್ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೇಳುತ್ತದೆ. ಆಗ ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಎಂಬ ಜಾತಿ ಹುಲುಸಾಗುತ್ತದೆ. ಪದರ ಪದರದಲ್ಲಿ ಅದರ ಪಾಲನ್ನು ಎಣಿಸಿ, ಖರಗಪುರ ಐಐಟಿಯ ಅನಿಲ್ ಗುಪ್ತಾ ಮತ್ತು ಇಬ್ಬರು ಅಮೆರಿಕನ್ ಸಹೋದ್ಯೋಗಿಗಳು 2003ರಲ್ಲಿ ತೋರಿಸಿದ್ದು ಇಷ್ಟು: ಕಳೆದ ಹತ್ತು ಸಾವಿರ ವರ್ಷಗಳಲ್ಲಿ ಉತ್ತರ ಅಟ್ಲಾಂಟಿಕ್ ತಣ್ಣಗಾದಾಗಲೆಲ್ಲ ನಮ್ಮ ಮುಂಗಾರಿನ ಗಾಳಿ ಸೊರಗಿದೆ. ಈ ಚಿಪ್ಪು ಹೇಳುವುದು ಗಾಳಿಯ ಬಲವನ್ನು, ಆಗುಂಬೆಯಲ್ಲಿ ಬಿದ್ದ ಮಳೆಯನ್ನಲ್ಲ. ಅದಕ್ಕೆ ಗುಹೆಗಳ ಸುಣ್ಣದ ಪದರ, ನದಿ ತಂದ ಹೂಳು, ಹೀಗೆ ಬೇರೆ ಸಾಕ್ಷಿಗಳನ್ನು ಕರೆಯಬೇಕು. ಅಂಥ ಹೂಳಿಗಾಗಿ 2015ರಲ್ಲಿ ಅರಬ್ಬಿ ಸಮುದ್ರವನ್ನು ಕೊರೆದ ಜೋಯಿಡೆಸ್ ರೆಸಲ್ಯೂಷನ್ ಹಡಗು 2024ರಲ್ಲಿ ತನ್ನ ಕೊನೆಯ ಸಂಶೋಧನಾ ಯಾನ ಮುಗಿಸಿತು. ಹಿಂದೂ ಮಹಾಸಾಗರದಿಂದ ಅದು ತೆಗೆದ ಹೂಳಿನ ಕಂಬಗಳು ಕೋಚಿಯ ಉಗ್ರಾಣದಲ್ಲಿವೆ, ಕೇರಳದ ಕೊಚ್ಚಿಯಲ್ಲ, ಜಪಾನಿನ ಕೋಚಿ. ಸಂಶೋಧಕರು ಅರ್ಜಿ ಹಾಕಿ ಅಲ್ಲಿಂದ ಮಾದರಿ ತರಿಸಿಕೊಳ್ಳಬಹುದು.