ಉತಾರ ಯಾರದೋ, ಕಂತು ಅವರದು

ವಿದ್ಯಾಗಿರಿ, ನವನಗರದಂಥ ಪೇಟೆಯ ಬಡಾವಣೆಗಳಲ್ಲಿ ಮನೆ ಮಾಡಿಕೊಂಡು ಹುನಗುಂದ, ಬಾದಾಮಿ ಕಡೆ ಹೊಲ ಇಟ್ಟುಕೊಂಡವರು ಬಹಳ ಮಂದಿ. ‘ಪಿಎಂ ಕಿಸಾನ್ ದುಡ್ಡು ನಮಗೂ ಬರ್ತದೇನ್ರೀ?’ ಎಂದು ಅವರು ಕೇಳುವುದು ಸಹಜ.

ಕೇಂದ್ರ ಸರ್ಕಾರ 2019ರ ಫೆಬ್ರುವರಿಯಲ್ಲಿ ಆರಂಭಿಸಿದ ಯೋಜನೆ ಇದು. ವರ್ಷಕ್ಕೆ 6,000 ರೂಪಾಯಿ, ನಾಲ್ಕು ತಿಂಗಳಿಗೊಮ್ಮೆ 2,000ದಂತೆ ಮೂರು ಕಂತು. ಎರಡು ಎಕರೆಗೂ ಅಷ್ಟೇ, ಇಪ್ಪತ್ತು ಎಕರೆಗೂ ಅಷ್ಟೇ. ಬೀಜ, ಗೊಬ್ಬರದ ಬಿಲ್ ತೋರಿಸಬೇಕಿಲ್ಲ. ಇದಕ್ಕೆ ರಾಜ್ಯ ಸರ್ಕಾರ ಸೇರಿಸುತ್ತಿದ್ದ 4,000 ರೂಪಾಯಿ 2023ರಿಂದ ನಿಂತಿದೆ.

ಗಂಡ, ಹೆಂಡತಿ, 18 ತುಂಬದ ಮಕ್ಕಳು ಸೇರಿ ಒಂದು ಕುಟುಂಬ. ಹಣ ಕುಟುಂಬಕ್ಕೆ ಒಬ್ಬರಿಗೆ. ಮನೆಯಲ್ಲಿ ಯಾರಾದರೂ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಸರ್ಕಾರಿ ನೌಕರಿಯಲ್ಲಿದ್ದರೆ, ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚು ಪಿಂಚಣಿ ಪಡೆಯುತ್ತಿದ್ದರೆ ಇಡೀ ಕುಟುಂಬಕ್ಕೆ ಇಲ್ಲ. ‘ಡಿ’ ದರ್ಜೆಯ ನೌಕರರಿಗೆ, ಪಿಂಚಣಿದಾರರಿಗೆ ಮಾತ್ರ ವಿನಾಯಿತಿ. ತಪ್ಪಾಗಿ ಪಡೆದಿದ್ದರೆ ಮರಳಿ ಕಟ್ಟಬೇಕು.

ಹೆಸರು ಸೇರುವುದು ಹೇಗೆ? ಮೊದಲು ‘ಫ್ರೂಟ್ಸ್’ ನೋಂದಣಿ. ಇದು ರಾಜ್ಯದ ರೈತರ ಗಣಕ ದಾಖಲೆ. ನಿಮ್ಮ ಆಧಾರ್, ಬ್ಯಾಂಕ್ ಖಾತೆ, ಹೊಲದ ಸರ್ವೆ ನಂಬರುಗಳನ್ನು ಒಂದುಗೂಡಿಸಿ ‘ಎಫ್‌ಐಡಿ’ ಎಂಬ ಸಂಖ್ಯೆ ಕೊಡುತ್ತದೆ. ಬೆಳೆ ಪರಿಹಾರಕ್ಕೂ ಹನಿ ನೀರಾವರಿ ಸಹಾಯಧನಕ್ಕೂ ಇದೇ ಸಂಖ್ಯೆ ಬೇಕು. ಎಲ್ಲ ಸರ್ವೆ ನಂಬರೂ ಸೇರಿವೆಯೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ನೋಡಿಸಿಕೊಳ್ಳಿ.

ಆಮೇಲೆ ‘ಇ-ಕೆವೈಸಿ’, ಅಂದರೆ ಈ ಹಣ ಪಡೆಯುವವರು ನೀವೇ ಎಂದು ಆಧಾರ್ ಮೂಲಕ ಖಚಿತಪಡಿಸುವುದು. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಓಟಿಪಿಯಿಂದ ಮನೆಯಲ್ಲೇ ಮಾಡಬಹುದು, ಖರ್ಚಿಲ್ಲ. ಸಾಮಾನ್ಯ ಸೇವಾ ಕೇಂದ್ರದಲ್ಲಿ ಹೆಬ್ಬೆಟ್ಟು ಕೊಟ್ಟು ಮಾಡಿಸಿದರೆ 15 ರೂಪಾಯಿ.

‘ಎಲ್ಲಾ ಮಾಡೇನ್ರೀ, ಆದ್ರೂ ದುಡ್ಡು ಬಂದಿಲ್ಲ’ ಅನ್ನುತ್ತೀರಾ? ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಆಧಾರ್ ಕೊನೆಗೆ ಜೋಡಣೆಯಾದ ಬ್ಯಾಂಕಿಗೆ ಹಣ ಹೋಗುತ್ತದೆ. ನೀವು ಒಂದು ಪಾಸ್‌ಬುಕ್ ತಿರುವಿ ಹಾಕುತ್ತಿರುತ್ತೀರಿ, ಕಂತು ಇನ್ನೊಂದರಲ್ಲಿ ಬಿದ್ದಿರುತ್ತದೆ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಜೋಡಣೆ ಆಗುವುದಿಲ್ಲ. ‘ಡಿಬಿಟಿಗೆ ಜೋಡಿಸಿ’ ಎಂದು ಕೇಳಿ ಅರ್ಜಿ ಕೊಡಬೇಕು. ಡಿಬಿಟಿ ಎಂದರೆ ಸರ್ಕಾರದ ಹಣ ನೇರ ಖಾತೆಗೆ ಬರುವ ವ್ಯವಸ್ಥೆ.

ಇನ್ನೊಂದು ತೊಡಕು ಉತಾರದ್ದು, ಅಂದರೆ ಹೊಲದ ಪಹಣಿಯದು. ಅಪ್ಪ ತೀರಿಕೊಂಡು ವರ್ಷಗಳಾದರೂ ಹೊಲ ಅವರ ಹೆಸರಲ್ಲೇ ಇರುತ್ತದೆ. ಮರಣ ಪ್ರಮಾಣಪತ್ರ, ವಂಶಾವಳಿ ಹಿಡಿದು ನಾಡಕಚೇರಿಗೆ ಹೋಗಿ ವಾರಸಾ ಮಾಡಿಸಿ, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. 2019ರ ಫೆಬ್ರುವರಿ 1ರ ನಂತರ ಖರೀದಿಸಿದ ಹೊಲದ ಮೇಲೆ ಹೊಸದಾಗಿ ಹೆಸರು ಸೇರಿಸಲು ಬರುವುದಿಲ್ಲ. ವಾರಸಾದಿಂದ ಬಂದಿದ್ದರೆ ಸೇರಿಸಬಹುದು.

ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡುವವರಿಗೆ ಈ ಯೋಜನೆಯಲ್ಲಿ ಜಾಗವಿಲ್ಲ. ಬಿತ್ತುವವರು ಅವರು, ಕಳೆ ತೆಗೆಸುವವರು ಅವರು. ಕಂತು ಮಾತ್ರ ಊರು ಬಿಟ್ಟು ಕೂತ ಮಾಲೀಕನಿಗೆ. ಇದು ನ್ಯಾಯವಲ್ಲ ಎಂಬುದೇ ನನ್ನ ಅಭಿಪ್ರಾಯ, ಆದರೆ ನಿಯಮ ಇರುವುದು ಹೀಗೆ.

ಸಂದೇಹವಿದ್ದರೆ ಸಹಾಯವಾಣಿ 155261ಕ್ಕೆ ಕರೆ ಮಾಡಿ. ವಾಟ್ಸಾಪ್‌ನಲ್ಲಿ ‘ಪಿಎಂ ಕಿಸಾನ್’ ಹೆಸರಿನ ಎಪಿಕೆ ಫೈಲ್ ಬಂದರೆ ಒತ್ತಬೇಡಿ, ಖಾತೆಯಲ್ಲಿದ್ದದ್ದೂ ಹೋಗುತ್ತದೆ.